ಹನ್ನೆರಡು ನ್ಯಾನೋಮೀಟರಿನ ಋಣ

ಐರನ್ ಆಕ್ಸೈಡ್ ನ್ಯಾನೋಹರಳುಗಳ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಾದ ನ್ಯಾನೋಮೀಟರಿನಲ್ಲಿ ಅಳೆಯುವ ಹರಳುಗಳ) ಮೇಲಿನ ನಮ್ಮ ಗುಂಪಿನ ಪ್ರಬಂಧ ಅಂತೂ ಪ್ರಕಟಣೆಗೆ ಒಪ್ಪಿಗೆಯಾಯಿತು. ಪ್ರಬಂಧದ ತುದಿಯಲ್ಲಿ ಕೃತಜ್ಞತೆಗೆಂದು ಸಿಗುವುದು ಎರಡು ಸಾಲು. ಅದರಲ್ಲಿ ಹಿಡಿಸದ ಋಣಗಳು ಇಲ್ಲಿವೆ.

ಮೊದಲ ನಮಸ್ಕಾರ ಸಿಯೋಲ್ ನ್ಯಾಷನಲ್ ಯೂನಿವರ್ಸಿಟಿಯ ತೇಗ್‌ಹ್ವಾನ್ ಹ್ಯೋನ್ ತಂಡಕ್ಕೆ. 2004ರಲ್ಲೇ ಅವರು ಅಳತೆಯನ್ನೆಲ್ಲ ಬಿಚ್ಚಿಟ್ಟರು: 10.8 ಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್, 36.5 ಗ್ರಾಂ ಸೋಡಿಯಂ ಓಲಿಯೇಟ್, 80 ಮಿ.ಲೀ. ಎಥನಾಲ್, 60 ಮಿ.ಲೀ. ನೀರು, 140 ಮಿ.ಲೀ. ಹೆಕ್ಸೇನ್, 70 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 4 ಗಂಟೆ. ಹೀಗೆ ಸಿಕ್ಕ ಐರನ್ ಓಲಿಯೇಟ್ 36 ಗ್ರಾಂ, ಓಲಿಯಿಕ್ ಆಮ್ಲ 5.7 ಗ್ರಾಂ, ದ್ರಾವಕವಾಗಿ ಆಕ್ಟಡೆಸೀನ್ 200 ಗ್ರಾಂ; ನಿಮಿಷಕ್ಕೆ 3.3 ಡಿಗ್ರಿಯಂತೆ 320ಕ್ಕೆ ಏರಿಸಿ ಅರ್ಧ ಗಂಟೆ ಇಟ್ಟರೆ 12 ನ್ಯಾನೋಮೀಟರಿನ ಹರಳು. ಬೀಜ ಕಟ್ಟುವುದು 200–240ರಲ್ಲಿ, ಬೆಳೆಯುವುದು 300ರ ಆಸುಪಾಸಿನಲ್ಲಿ. ಇವೆರಡೂ ಒಂದರ ಮೇಲೊಂದು ಬೀಳದ ಕಾರಣಕ್ಕೇ ಹರಳೆಲ್ಲ ಒಂದೇ ಗಾತ್ರ.

ಓಲಿಯೇಟ್ ತೊಳೆದು ಒಣಗಿಸುವ ಕೈಚಳಕ ಕಲಿಸಿದ ಹಿರಿಯರಿಗೆ ವಂದನೆ. ನೀರು ಉಳಿದರೆ ದ್ರಾವಣ 100 ದಾಟುತ್ತಲೇ ಉಕ್ಕಿ ಕಂಡೆನ್ಸರ್‌ಗೆ ಹಾರುತ್ತದೆ. ಹೆಕ್ಸೇನ್ ಉಳಿದರೆ ಕುದಿಬಿಂದು ಇಳಿದು, ಫ್ಲಾಸ್ಕ್ ಕಾಯಿಸುವ ಮ್ಯಾಂಟಲ್ ಎಷ್ಟು ಕಾದರೂ 320 ಮುಟ್ಟುವುದಿಲ್ಲ. ತಾಪ ಅಳೆಯುವ ಥರ್ಮೋಕಪಲ್ ಕೂರಲು ಫ್ಲಾಸ್ಕಿನೊಳಗೇ ಗಾಜಿನ ಕೊಳವೆ ಇಳಿಸಿಕೊಟ್ಟ ಗಾಜಿನ ಕಾರ್ಯಾಗಾರದವರಿಗೂ ವಂದನೆ. ಹೊರಗಿನಿಂದ ಅಳೆದ ತಾಪ ನಂಬುವಂಥದ್ದಲ್ಲ.

ಹೆಸರು ಹೇಳದ ವಿಮರ್ಶಕರೊಬ್ಬರು 'ಇದು ಮ್ಯಾಗ್ನೆಟೈಟೇ ಎಂಬುದಕ್ಕೆ ಆಧಾರವೇನು?' ಎಂದು ಕೇಳಿದರು. ಸರಿಯಾದ ಪ್ರಶ್ನೆ. ಮ್ಯಾಗ್ನೆಟೈಟ್, ಮ್ಯಾಗ್ಹೆಮೈಟ್ ಎರಡೂ ಐರನ್ ಆಕ್ಸೈಡಿನ ಕಾಂತೀಯ ರೂಪಗಳು; ಹರಳಿನ ರಚನೆ ತಿಳಿಸುವ ಎಕ್ಸ್-ರೇ ವಿವರ್ತನೆಯಲ್ಲಿ ಅವು ಹೆಚ್ಚುಕಡಿಮೆ ಒಂದೇ; ಬಿಡಿಸಿ ಹೇಳುವುದಕ್ಕೆ ಗಾಮಾ ಕಿರಣದಿಂದ ಕಬ್ಬಿಣದ ಅಯಾನುಗಳ ಸ್ಥಿತಿ ತಿಳಿಸುವ ಮಾಸ್‌ಬಾವರ್ ಬೇಕು. ಇನ್ನೊಂದು ಕಳ್ಳ ವ್ಯೂಸ್ಟೈಟ್, ಆಮ್ಲಜನಕ ಕಡಿಮೆಯಿರುವ ಐರನ್ ಆಕ್ಸೈಡ್. ಬಿಸಿ ಆಕ್ಟಡೆಸೀನ್, ಓಲಿಯೇಟ್‌ಗಳು ಕಬ್ಬಿಣವನ್ನು ಅಪಕರ್ಷಿಸಿದಾಗ, ಅಂದರೆ ಅದಕ್ಕೆ ಎಲೆಕ್ಟ್ರಾನ್ ಕೊಟ್ಟಾಗ, ಹರಳಿನ ಒಡಲಲ್ಲಿ ಅದು ಸೇರಿಕೊಳ್ಳುತ್ತದೆ. ತಾಮ್ರದ ಎಕ್ಸ್-ರೇ ಬಳಸಿದರೆ ವಿವರ್ತನೆಯ 42 ಡಿಗ್ರಿ ಕೋನದ ಬಳಿ ಅದರ ಗೆರೆ. ಅದು ಪ್ರತಿಫೆರೋಕಾಂತೀಯ, ಅಂದರೆ ಅದರ ಪರಮಾಣು ಕಾಂತಗಳು ಎದುರುಬದುರಾಗಿ ನಿಂತು ಒಂದನ್ನೊಂದು ಅಳಿಸುತ್ತವೆ, ಹಾಗಾಗಿ ಕಾಂತತ್ವ ಕುಗ್ಗುತ್ತದೆ; ಕಾಂತಕ್ಷೇತ್ರದಲ್ಲಿಟ್ಟು ತಂಪು ಮಾಡಿದರೆ ಹಿಸ್ಟರಿಸಿಸ್ ಕುಣಿಕೆಯೇ (ಕ್ಷೇತ್ರ ಏರಿಸಿ ಇಳಿಸಿದಾಗ ಕಾಂತತ್ವ ಬರೆಯುವ ಸುತ್ತುರೇಖೆ) ಪಕ್ಕಕ್ಕೆ ಸರಿಯುತ್ತದೆ.

ಕಾಂತತ್ವ ಅಳೆಯುವ ಮ್ಯಾಗ್ನೆಟೋಮೀಟರ್ ನೋಡಿಕೊಳ್ಳುವವರ ಋಣ ದೊಡ್ಡದು. ಶೂನ್ಯ ಕ್ಷೇತ್ರದಲ್ಲಿ ತಣಿಸಿ, ಆಮೇಲೆ ತಾಪ ಏರಿಸುತ್ತಾ ಅಳೆದ ಕಾಂತತ್ವದ ವಕ್ರರೇಖೆಯಲ್ಲಿ 50 ಕೆಲ್ವಿನ್ ಬಳಿ ಉಬ್ಬು ಕಂಡರೆ ಹರಳಿನದ್ದೆಂದು ಸಂಭ್ರಮಿಸಬೇಡಿ, ಒಳಗೆ ಸಿಕ್ಕಿಬಿದ್ದ ಆಮ್ಲಜನಕವಿರಬಹುದು ಎಂದವರು ಅವರೇ. ಪುಡಿಯನ್ನು ಒತ್ತಿ ತುಂಬಿದರೆ ಹರಳುಗಳು ಒಂದನ್ನೊಂದು ಎಳೆದಾಡಿ ಬ್ಲಾಕಿಂಗ್ ತಾಪ (ಅದಕ್ಕಿಂತ ಕೆಳಗೆ ಹರಳಿನ ಕಾಂತದಿಕ್ಕು ಹೆಪ್ಪುಗಟ್ಟಿ ನಿಲ್ಲುತ್ತದೆ) ಮೇಲೇರುತ್ತದೆ. ಮೇಣದಲ್ಲಿ ತೆಳುವಾಗಿ ಹರಡಿ ಅಳೆಯಿರಿ ಎಂದರು.

ಬಿಸಿ ಮಾಡುತ್ತಾ ತೂಕದ ಬದಲಾವಣೆ ಅಳೆಯುವ ಥರ್ಮೋಗ್ರಾವಿಮೆಟ್ರಿ ಮಾಡಿಕೊಟ್ಟವರಿಲ್ಲದಿದ್ದರೆ ಗ್ರಾಂಗೆ ಎಷ್ಟು ಇಎಂಯು (ಕಾಂತತ್ವದ ಏಕಮಾನ) ಎಂಬ ಲೆಕ್ಕವೇ ಸುಳ್ಳಾಗುತ್ತಿತ್ತು. ಹರಳಿಗೆ ಅಂಟಿದ ಓಲಿಯಿಕ್ ಹೊದಿಕೆಯ ತೂಕ ಕಳೆಯದೆ ದೊಡ್ಡ ಗಟ್ಟಿಯ ಮ್ಯಾಗ್ನೆಟೈಟಿನ 92 ಇಎಂಯು ಜೊತೆ ಹೋಲಿಸುವುದು ಅನ್ಯಾಯ. ಗಾಳಿಯಲ್ಲಿ ಸುಟ್ಟರೆ ಮ್ಯಾಗ್ನೆಟೈಟ್ ಫೆರಿಕ್ ಆಕ್ಸೈಡಾಗಿ ಶೇ. 3.5ರಷ್ಟು ತೂಕ ಹೆಚ್ಚುತ್ತದೆ, ಅದನ್ನೂ ಸರಿದೂಗಿಸಬೇಕು.

ಉಳಿದ ಹರಳು ಹೆಕ್ಸೇನಿನಲ್ಲಿದೆ. ಅಳೆದು ನೋಡುವ ಆಸೆಯಿದ್ದವರು ಕೇಳಿ, ಕೊಡುತ್ತೇವೆ; ಸ್ಟೀಲ್ ಚಿಮಟ ಮಾತ್ರ ದೂರವಿಡಿ, ಪ್ಲಾಸ್ಟಿಕ್‌ನದ್ದೇ ಬಳಸಿ.