ಗಣಿ ಕಾಲದ ಪಿಯಾನೊ ದುರಸ್ತಿಗೆ ದೇಣಿಗೆ ಮನವಿ

ಸಂಗೀತಾಭಿಮಾನಿಗಳೇ,

ಕೆಜಿಎಫ್‌ನ ನಮ್ಮ ಸಂಜೆ ಸಂಗೀತ ಶಾಲೆಯಲ್ಲಿ ಗಣಿ ಕಂಪನಿಯ ಕಾಲದ ಒಂದು ಪಿಯಾನೊ ಇದೆ. ಅದರ ನಡುವಿನ ಒಂದು ಬಿಳಿ ಮನೆ ಒತ್ತಿದರೆ ಒಳಗೇ ಕೂತುಬಿಡುತ್ತದೆ. ಮಕ್ಕಳು ಬಲಗೈಯಲ್ಲಿ ನುಡಿಸುತ್ತಲೇ ಎಡಗೈ ಉಗುರಿನಿಂದ ಅದನ್ನು ಮೇಲೆತ್ತುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಒಳಗೆ ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಯನ್ನು ಇಲಿ ಕಡಿದಿದೆ. ಬೇಸಿಗೆಯಲ್ಲಿ ಸೈನೈಡ್ ದಿಬ್ಬದ (ಚಿನ್ನ ತೆಗೆದು ಉಳಿದ ಅದಿರುಪುಡಿಯ ರಾಶಿ) ದೂಳು ತಂತಿಗಳ ಮೇಲೆ ಪದರಗಟ್ಟುತ್ತದೆ.

'ಗುಜರಿಗೆ ಹಾಕಿ, ಕೀಬೋರ್ಡ್ ಕೊಡಿಸುತ್ತೇನೆ. ಸಿನಿಮಾ ಹಾಡು ಮಾತ್ರ ಕಲಿಸಿ' ಎಂದ ದಾನಿಯೊಬ್ಬರಿಗೆ ಕೈಮುಗಿದು ಬೇಡವೆಂದೆವು. ಹಟವೆನ್ನಿ, ಪರವಾಗಿಲ್ಲ. ಆ ಹಟವನ್ನು ನಾವು ಕಲಿತದ್ದು ರಷ್ಯಾದ ಸಂಗೀತ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ ಅವರಿಂದ.

1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ 1921ರಲ್ಲಿ ರಷ್ಯಾ ಬಿಟ್ಟರು. ಸುತ್ತಲಿನವರೆಲ್ಲ ಹೊಸ ಅಲೆಯ ಬೆನ್ನು ಹತ್ತಿದಾಗ, ಕಲೆಗೆ ಶಾಶ್ವತ ನಿಯಮಗಳಿವೆ ಎಂದು ನಂಬಿ 1935ರಲ್ಲಿ ಪುಸ್ತಕವನ್ನೇ ಬರೆದರು. ಕೇಳುವವರು ಕಡಿಮೆ. ಲಂಡನ್ನಿನಲ್ಲಿ ನೆಲೆಸಿದ ಮೇಲೆ ಮಹಾಯುದ್ಧ ಬಂದು, ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಗೌರವಧನವೂ ನಿಂತಿತು. ಯೌವನದಲ್ಲಿ ಕೈಗೆತ್ತಿಕೊಂಡ ಪಿಯಾನೊ ಪಂಚವಾದ್ಯ ಕೃತಿಯೊಂದನ್ನು ಅವರು ಮುಗಿಸಿದ್ದು 1949ರಲ್ಲಿ! ಹಸಿದವರು ಧನ್ಯರು ಎಂಬ ಬೈಬಲ್ ವಚನ ಅದರ ಒಡಲಲ್ಲಿದೆ. ಬರೆದವರು ಹಸಿವು ಕಂಡವರೇ.

ಅವರ ನೆರವಿಗೆ ಬಂದವರು ನಮ್ಮ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ದೇವೀ ಉಪಾಸಕರು. ಮೂವತ್ತು ತುಂಬುವ ಮೊದಲೇ, ಕ್ರೈಸ್ತ ಶ್ರದ್ಧೆಯ ಆ ವೃದ್ಧರ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟು ಮೆಟ್ನರ್ ಸೊಸೈಟಿಗೆ ಆಸರೆಯಾದರು. ಅವರ ಮೂರೂ ಪಿಯಾನೊ ಕಾನ್ಚೆರ್ಟೊಗಳು, ಅಂದರೆ ಪಿಯಾನೊ ಮತ್ತು ವಾದ್ಯವೃಂದದ ಕೃತಿಗಳು, ಮೆಟ್ನರ್ ಅವರೇ ನುಡಿಸಿದಂತೆ ಧ್ವನಿಮುದ್ರಿಕೆಯಲ್ಲಿ ಉಳಿದವು. ಮೂರನೆಯದು ಮೈಸೂರಿನ ಮಹಾರಾಜರಿಗೇ ಅರ್ಪಿತ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಕೋಲಾರದ ಚಿನ್ನದ ರಾಯಧನ ಮೈಸೂರಿನ ಬೊಕ್ಕಸಕ್ಕೆ ಹೋಗುತ್ತಿದ್ದ ಕಾಲವದು. ಆ ಗ್ರಾಮಫೋನ್ ತಟ್ಟೆಗಳಲ್ಲಿ ನಮ್ಮೂರ ಬೆವರಿನ ಹನಿಯೂ ಇದ್ದೀತು ಎಂದು ನಾವು ನಮ್ಮಷ್ಟಕ್ಕೆ ಬೀಗುವುದುಂಟು. ಲೆಕ್ಕ ಕೇಳಬೇಡಿ.

ಈಗ ನಮ್ಮ ಲೆಕ್ಕ. ಬೆಂಗಳೂರಿನ ಕುಶಲಕರ್ಮಿಯೊಬ್ಬರು ಪಿಯಾನೊ ಬಿಚ್ಚಿ ನೋಡಿ, ತಂತಿ, ಉಣ್ಣೆ, ಕೂಲಿ ಸೇರಿ 1,60,000 ರೂಪಾಯಿ ಎಂದಿದ್ದಾರೆ. ಪೋಷಕರಿಂದ 52,000 ಕೂಡಿದೆ. ಅದರಲ್ಲಿ ಒಬ್ಬ ನಿವೃತ್ತ ಗಣಿ ಕಾರ್ಮಿಕರು ಪಿಂಚಣಿಯ ದಿನ ತಂದುಕೊಟ್ಟ 500 ರೂಪಾಯಿಯೂ ಇದೆ. ಅವರಿಗೆ ಪಿಯಾನೊ ಇಷ್ಟವಿಲ್ಲವಂತೆ, ಮೊಮ್ಮಗಳಿಗೆ ಇಷ್ಟವಂತೆ.

ಚೆಕ್ ಅಥವಾ ನಗದನ್ನು ಸಂಜೆ 5ರ ನಂತರ ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಎಷ್ಟಾದರೂ ಸರಿ. ದಾನಿಗಳ ಹೆಸರು ನೋಟೀಸ್ ಬೋರ್ಡಿನಲ್ಲಿರುತ್ತದೆ, ಪಿಯಾನೊ ಮೇಲಲ್ಲ. ಬಂದವರು ಐದು ನಿಮಿಷ ಕೂತು ಕೇಳಿಹೋಗಿ. ಅದೇ ಮೊಮ್ಮಗಳು ಈಗ ಮೆಟ್ನರ್ ಅವರ ಒಂದು ಸ್ಕಾಜ್ಕ ಕಲಿಯುತ್ತಿದ್ದಾಳೆ, ಅಜ್ಜಿಕಥೆಯಂಥ ಕಿರುಕೃತಿ. ಎರಡನೇ ಸಾಲಿನಲ್ಲೇ ಆ ಬಿಳಿ ಮನೆ ಬರುತ್ತದೆ.

ಇಂತು,
ಶಾಲೆಯ ವಿಶ್ವಸ್ತರು