ಸಂದರ್ಶನಕ್ಕೆ ಪುಣೆಗೆ ಬರುವ ಗೆಳೆಯನಿಗೆ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿತು. ಇಲ್ಲಿಯ ರೇಡಿಯೋ ಫ್ರೀಕ್ವೆನ್ಸಿ ಹಾರ್ಡ್‌ವೇರ್ ಕಂಪನಿಯಿಂದ ನಿನಗೆ ಕರೆ ಬಂದಿರುವುದು ಸಂತೋಷದ ಸುದ್ದಿ. ಆದರೆ ಉಳಿದಿರುವ ಹದಿನೈದು ದಿನಗಳಲ್ಲಿ ವಿದ್ಯುತ್ಕಾಂತೀಯ ಸಿದ್ಧಾಂತದ ದಪ್ಪ ಪುಸ್ತಕವನ್ನು ಮೊದಲಿನಿಂದ ಓದಿ ಮುಗಿಸುವೆನೆಂದು ಬರೆದಿರುವೆಯಲ್ಲ, ಆ ಯೋಚನೆಯನ್ನು ದಯವಿಟ್ಟು ಕೈಬಿಡು.

ಧಾರವಾಡದಿಂದ ಇಲ್ಲಿಗೆ ಬಂದ ಹೊಸತರಲ್ಲಿ ನಾನು ಹಾಗೆಯೇ ಓದಿಕೊಂಡು ಹೋಗಿ ಸೋತವನು. ಮ್ಯಾಕ್ಸ್‌ವೆಲ್ ಸಮೀಕರಣಗಳು ನಾಲಿಗೆಯ ತುದಿಯಲ್ಲಿದ್ದವು. ಅವನ್ನು ಯಾರೂ ಕೇಳಲಿಲ್ಲ. ಹಿರಿಯ ಎಂಜಿನಿಯರರೊಬ್ಬರು ನನ್ನನ್ನು ಪ್ರಯೋಗಶಾಲೆಗೆ ಕರೆದೊಯ್ದು, ಗೇಣುದ್ದದ ಕೇಬಲೊಂದನ್ನು ಕೈಗಿತ್ತು, ಅದರಲ್ಲಿ ಸಿಗ್ನಲ್ ಎಷ್ಟು ನಷ್ಟವಾಗುತ್ತದೆಂದು ನೆಟ್‌ವರ್ಕ್ ಅನಲೈಸರ್ ಎಂಬ ಉಪಕರಣದಲ್ಲಿ ಅಳೆದು ತೋರಿಸಲು ಹೇಳಿದರು. ನಾನು ನಲ್ಲಿಗೆ ಪೈಪು ಸಿಕ್ಕಿಸುವವನಂತೆ ಕೇಬಲಿನ ತುದಿಯ ಎಸ್‌ಎಂಎ ಎಂಬ ಪುಟ್ಟ ತಿರುಪಿನ ಕನೆಕ್ಟರನ್ನು ಕೇಬಲ್ ಸಮೇತ ತಿರುಗಿಸಿದೆ. ತಿರುಗಬೇಕಾದದ್ದು ಹೊರಗಿನ ನಟ್ ಮಾತ್ರ. ಕೇಬಲೂ ತಿರುಗಿದರೆ ನಡುವಿನ ಪಿನ್ ಎದುರಿನ ತೂತಿನಲ್ಲಿ ಉಜ್ಜಿ ಸವೆಯುತ್ತದೆ, ಅನಲೈಸರಿನ ದುಬಾರಿ ಪೋರ್ಟ್ ಹಾಳಾಗುತ್ತದೆ. ಅವರು ಒಂದು ಮಾತೂ ಆಡದೆ ಕೇಬಲನ್ನು ಬಿಚ್ಚಿ, ಪೋರ್ಟಿಗೆ ಅದರ ಪುಟ್ಟ ಹಳದಿ ಮುಚ್ಚಳವನ್ನು ತೊಡಿಸಿದರು. ನನ್ನ ಸಂದರ್ಶನ ಆ ಮುಚ್ಚಳದೊಂದಿಗೇ ಮುಗಿದಿತ್ತು. ಅಳತೆಗೆ ಮೊದಲು ಶಾರ್ಟ್, ಓಪನ್, ಲೋಡ್, ಥ್ರೂ ಎಂಬ ನಾಲ್ಕು ಮಾದರಿಗಳನ್ನೂ ಜೋಡಿಸಿ ಕ್ಯಾಲಿಬ್ರೇಶನ್, ಅಂದರೆ ಅನಲೈಸರನ್ನು ಸರಿಹೊಂದಿಸುವ ಕೆಲಸ, ಮಾಡಬೇಕೆಂಬುದು ನನಗೆ ಗೊತ್ತಿತ್ತು; ಅಲ್ಲಿಯವರೆಗೆ ಹೋಗುವ ಅವಕಾಶವೇ ಬರಲಿಲ್ಲ.

ಆದ್ದರಿಂದ ಮೊದಲು, ಸಿಗ್ನಲಿನ ಏರಿಳಿತವನ್ನು ಗುಣಿಸದೆ ಬರೀ ಕೂಡಿ ಕಳೆದು ಹೇಳುವ ಡೆಸಿಬೆಲ್ (ಡಿಬಿ) ಲೆಕ್ಕವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೋ. ಒಂದು ಮಿಲಿವ್ಯಾಟ್ ಎಂದರೆ 0 ಡಿಬಿಎಂ, ಒಂದು ವ್ಯಾಟ್ ಎಂದರೆ 30 ಡಿಬಿಎಂ, 3 ಡಿಬಿ ಏರಿದರೆ ಶಕ್ತಿ ಇಮ್ಮಡಿ. 2.4 ಗಿಗಾಹರ್ಟ್ಸ್‌ನಲ್ಲಿ ತೆರೆದ ಬಯಲಿನ ಒಂದು ಕಿಲೋಮೀಟರಿಗೆ ಸುಮಾರು 100 ಡಿಬಿ ನಷ್ಟ ಎಂಬ ಒಂದೇ ಅಂಕಿ ನೆನಪಿದ್ದರೆ ಅರ್ಧ ಪ್ರಶ್ನೆಗಳಿಗೆ ಕಾಗದವೇ ಬೇಕಿಲ್ಲ. 20 ಡಿಬಿಎಂ ಕಳುಹಿಸಿದರೆ, ಆಂಟೆನಾಗಳ ಗಳಿಕೆಯನ್ನು ಬಿಟ್ಟು, ಆ ತುದಿಯಲ್ಲಿ ಸಿಗುವುದು ಮೈನಸ್ 80. ಕೋಣೆಯ ಉಷ್ಣತೆಯಲ್ಲಿ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ ಗದ್ದಲ ಇದ್ದೇ ಇರುತ್ತದೆ. 20 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿಗೆ 73, ರಿಸೀವರ್ ತಾನೇ ಸೇರಿಸುವ ಗದ್ದಲಕ್ಕೆ, ಅಂದರೆ ಅದರ ನಾಯ್ಸ್ ಫಿಗರಿಗೆ, 5 ಎಂದು ಕೂಡಿಸಿದರೆ ಮೈನಸ್ 96 ಆಗುತ್ತದೆ. ಅಂದರೆ ಮೈನಸ್ 80ರ ಸಿಗ್ನಲಿಗೂ ಈ ಗದ್ದಲಕ್ಕೂ ನಡುವೆ ಕೈಯಲ್ಲಿ ಉಳಿಯುವುದು 16 ಡಿಬಿ. ಇದನ್ನು ಬಾಯಲ್ಲೇ ಹೇಳಬಲ್ಲವನ ಮಾತಿಗೆ ಅವರು ಕಿವಿಗೊಡುತ್ತಾರೆ.

ಆಂಪ್ಲಿಫೈಯರ್ ಎಲ್ಲಿರಬೇಕು ಎಂಬುದು ಖಂಡಿತ ಬರುವ ಇನ್ನೊಂದು ಪ್ರಶ್ನೆ. 2 ಡಿಬಿ ನಷ್ಟದ ಕೇಬಲ್ ಮೊದಲಿದ್ದು, 1 ಡಿಬಿ ನಾಯ್ಸ್ ಫಿಗರಿನ ಆಂಪ್ಲಿಫೈಯರ್ ಅದರ ಹಿಂದಿದ್ದರೆ ಒಟ್ಟು ನಾಯ್ಸ್ ಫಿಗರ್ ನೇರವಾಗಿ 3 ಡಿಬಿ. 20 ಡಿಬಿ ಗಳಿಕೆಯ ಅದೇ ಆಂಪ್ಲಿಫೈಯರನ್ನು ಮುಂದಿಟ್ಟರೆ ಒಟ್ಟು 1 ಡಿಬಿಗಿಂತ ಕೂದಲೆಳೆಯಷ್ಟೇ ಹೆಚ್ಚು. ಈ ಲೆಕ್ಕಕ್ಕೆ ರೇಡಿಯೋ ಎಂಜಿನಿಯರ್ ಹರಾಲ್ಡ್ ಫ್ರೀಸ್ 1944ರಲ್ಲಿ ಕೊಟ್ಟ ಸೂತ್ರವನ್ನು ಕಾಲೇಜಿನಲ್ಲಿ ನಾವಿಬ್ಬರೂ ಉರು ಹೊಡೆದಿದ್ದೆವು. ನನಗೆ ಅದು ಅರ್ಥವಾದದ್ದು ಮಾತ್ರ ಪುಣೆಯಿಂದ ಸುಮಾರು 80 ಕಿಲೋಮೀಟರ್ ದೂರದ ಖೋಡದ್‌ನಲ್ಲಿ, ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕದ 45 ಮೀಟರ್ ಅಗಲದ ಡಿಶ್ ಒಂದರ ಬುಡದಲ್ಲಿ ಕತ್ತೆತ್ತಿ ನಿಂತಾಗ. ಅಂಥ ಮೂವತ್ತು ಡಿಶ್‌ಗಳಿರುವ ಆ ದೂರದರ್ಶಕದಲ್ಲಿ ಮೊದಲ ಆಂಪ್ಲಿಫೈಯರನ್ನು ಕೆಳಗಿನ ಕೋಣೆಯಲ್ಲಿಡದೆ ಮೇಲೆ, ಸಿಗ್ನಲ್ ಹಿಡಿಯುವ ಫೀಡಿನ ಪಕ್ಕದಲ್ಲಿಯೇ ಇಟ್ಟಿದ್ದಾರೆ. ಗಾಳಿ ಮಳೆಗೆ ಹೆದರದೆ ಅಷ್ಟೆತ್ತರಕ್ಕೆ ಏರಿ ಅದನ್ನು ರಿಪೇರಿ ಮಾಡುವ ಕಷ್ಟ, ಕೇಬಲಿನಲ್ಲಿ ಕಳೆದುಕೊಳ್ಳುವ ಆ ಒಂದೆರಡು ಡಿಬಿಗಿಂತ ಅಗ್ಗ.

ಇಂಪೆಡೆನ್ಸನ್ನು, ಅಂದರೆ ಸಿಗ್ನಲಿಗೆ ಎದುರಾಗುವ ತಡೆಯನ್ನು, ಒಂದು ಬಿಂದುವಾಗಿ ತೋರಿಸುವ ಸ್ಮಿತ್ ಚಾರ್ಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸರಣಿಯಲ್ಲಿ ಇಂಡಕ್ಟರ್ ಸೇರಿಸಿದರೆ ಬಿಂದು ಯಾವ ಕಡೆಗೆ ಸರಿಯುತ್ತದೆಂದು ಬೆರಳಲ್ಲಿ ತೋರಿಸಲು ಬಂದರೆ ಸಾಕು. ಕೇಬಲ್, ಕನೆಕ್ಟರುಗಳ ಇಂಪೆಡೆನ್ಸ್ 50 ಓಮ್ ಯಾಕೆ ಎಂದರೆ, ನಡುವಿನ ತಂತಿಯ ಸುತ್ತ ಗಾಳಿ ತುಂಬಿದ ಕೊಆಕ್ಸ್ ಕೇಬಲ್ ಅತಿ ಹೆಚ್ಚು ಶಕ್ತಿ ಹೊರುವುದು 30ರ ಸುಮಾರಿಗೆ, ಅತಿ ಕಡಿಮೆ ನಷ್ಟ ಕೊಡುವುದು 77ರ ಸುಮಾರಿಗೆ. ನಡುವೆ ಆದ ರಾಜಿ ಅದು.

ಇನ್ನು ನಿನ್ನ ಪ್ರಾಜೆಕ್ಟಿನ ವಿಷಯ. 2.4 ಗಿಗಾಹರ್ಟ್ಸ್‌ಗೆಂದು ಮಾಡಿದ ಪ್ಯಾಚ್ ಆಂಟೆನಾ 2.48ರಲ್ಲಿ ಅನುರಣಿಸಿತೆಂದು ನೀನು ಅದನ್ನು ಬಯೋಡೇಟಾದಿಂದಲೇ ತೆಗೆದುಹಾಕಿರುವುದು ನನಗೆ ಸರಿಕಾಣಲಿಲ್ಲ. ನಿನ್ನ ಬಳಿ ಇರುವ ನಿಜವಾದ ಬಂಡವಾಳ ಅದೊಂದೇ. ಪ್ಯಾಚ್ ಕೂರುವ ಎಫ್‌ಆರ್4 ಎಂಬ ಸರ್ಕ್ಯೂಟ್ ಹಾಳೆಯ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು ನೀನು 4.4 ಎಂದು ಹಿಡಿದೆ. ಆ ಹಾಳೆ ನಿಜಕ್ಕೂ 4.1ರ ಆಸುಪಾಸಿನದ್ದಾಗಿದ್ದರೆ ಕಂಪನಾಂಕ ಮೇಲೇರಿ ಹತ್ತಿರ ಹತ್ತಿರ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅಥವಾ 29 ಮಿಲಿಮೀಟರಿನ ಪ್ಯಾಚ್ ಕೊರೆಯುವಾಗ ಒಂದು ಮಿಲಿಮೀಟರ್ ಕಡಿಮೆಯಾಗಿದ್ದರೂ ಫಲ ಅದೇ. ಎರಡರಲ್ಲಿ ಯಾವುದೆಂದು ವರ್ನಿಯರ್ ಹಿಡಿದು ಅಳೆದು ನೋಡಿದೆಯಾ? ನೋಡದಿದ್ದರೆ ಇಂದೇ ನೋಡು, ಮತ್ತು ಅವರು ಕೇಳಿದಾಗ ಅಡ್ಡದಾರಿ ಹಿಡಿಯದೆ, ತಪ್ಪನ್ನು ಹೇಗೆ ಬೆನ್ನಟ್ಟಿದೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳು.

ಸಂದರ್ಶನಕ್ಕೆ ಎರಡು ದಿನ ಮೊದಲೇ ರಾತ್ರಿಯ ಬಸ್ಸಿಗೆ ಹೊರಟು ಬಾ, ಸ್ವಾರಗೇಟಿನಲ್ಲಿ ನಾನಿರುತ್ತೇನೆ. ಬುಧವಾರ ಪೇಠೆ ಎಂಬ ಇಲ್ಲಿಯ ಬಡಾವಣೆಗೆ ಹೋಗಿ ನಾಲ್ಕಾರು ಎಸ್‌ಎಂಎ ಕನೆಕ್ಟರ್ ಕೊಂಡು ತಂದು, ನಟ್ ಮಾತ್ರ ತಿರುಗಿಸುವುದನ್ನು ನಮ್ಮ ಊಟದ ಮೇಜಿನ ಮೇಲೆಯೇ ಅಭ್ಯಾಸ ಮಾಡೋಣ. ಅವ್ವನ ಕೈಯಿಂದ ಒಂದಿಷ್ಟು ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬಾ, ಆದರೆ ಅದನ್ನು ಆಂಟೆನಾ ಇರುವ ಚೀಲದಲ್ಲಿ ಇಡಬೇಡ.

ಇಂತು ನಿನ್ನ ಗೆಳೆಯ