ಗೋಡೆ ತೊಳೆದ ನೀರಿಗೆ ಎರಡು ಟ್ಯಾಂಕರ್ ಲೆಕ್ಕ

ಸಂಪಾದಕರೇ, ನಮಸ್ಕಾರ.

ಹೋದ ತಿಂಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡಿದೆ. ಆರು ವರ್ಷ ಇದ್ದ ಮನೆ. ಕೀಲಿ ಕೊಟ್ಟು ಅಡ್ವಾನ್ಸ್ ವಾಪಸ್ ಕೇಳಿದಾಗ ಮಾಲೀಕರು ಒಂದು ಚೀಟಿ ಕೈಗಿಟ್ಟರು. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಟ್. ಅದು ಈ ಊರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ನಾನೂ ಮೊದಲೇ ಕಳೆದು ಇಟ್ಟಿದ್ದೆ. ಆದರೆ ಕೆಳಗೆ ಇನ್ನೆರಡು ಸಾಲು ಇತ್ತು. ಪ್ರೆಷರ್ ವಾಷಿಂಗ್, ಅಂದರೆ ಮಿಷನ್ನಿನ ಜೋರು ಧಾರೆಯಲ್ಲಿ ಗೋಡೆ ತೊಳೆದದ್ದು, 4,500 ರೂಪಾಯಿ. ನೀರು, 2 ಟ್ಯಾಂಕರ್, 2,400 ರೂಪಾಯಿ.

ಮೊದಲನೇ ಸಾಲಿನ ಬಗ್ಗೆ ಆಮೇಲೆ ಹೇಳುತ್ತೇನೆ. ನನಗೆ ತಡೆದುಕೊಳ್ಳಲು ಆಗದೇ ಇದ್ದದ್ದು ಆ ಎರಡು ಟ್ಯಾಂಕರ್.

ಯಾಕೆಂದರೆ ಗೋಡೆ ತೊಳೆದ ದಿನ ನಾನು ಮನೆಯಲ್ಲೇ ಇದ್ದೆ, ಪಾತ್ರೆ ಪಗಡ ಕಟ್ಟುತ್ತಿದ್ದೆ. ಮತ್ತೆ ನನ್ನ ಹತ್ತಿರ ಒಂದು ಕೋಲಿದೆ. 2024ರ ಬೇಸಿಗೆ ನೆನಪಿದೆ ಅಲ್ವಾ? ಬೋರ್‌ವೆಲ್ ಒಣಗಿ, ಟ್ಯಾಂಕರ್‌ನವನಿಗೆ ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದ ಕಾಲ. ಆಗ ಒಂದು ಬಿದಿರು ಕೋಲಿಗೆ ಇಂಚು ಇಂಚಿಗೂ ಗೀರು ಹಾಕಿ, ದಿನಾ ಬೆಳಿಗ್ಗೆ ನೆಲದಡಿಯ ನೀರಿನ ಸಂಪಿನೊಳಗೆ ಇಳಿಸಿ ನೋಡುವುದು ಅಭ್ಯಾಸ ಆಯಿತು. ಆ ಚಾಳಿ ಇನ್ನೂ ಬಿಟ್ಟಿಲ್ಲ. ನನ್ನ ಹೆಂಡತಿ ಅದಕ್ಕೆ ಥರ್ಮಾಮೀಟರ್ ಅಂತಲೇ ಹೆಸರಿಟ್ಟಿದ್ದಾಳೆ.

ನಮ್ಮ ಸಂಪು 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳ. ನೀರು ಒಂದು ಇಂಚು ಇಳಿದರೆ ಸುಮಾರು 113 ಲೀಟರ್ ಹೋಯಿತು ಅಂತ ಲೆಕ್ಕ. ಆವತ್ತು ಕಾವೇರಿ ನೀರು ಬರುವ ದಿನ ಅಲ್ಲ, ಮೇಲಿನ ಮನೆಯವರು ಕೆಲಸಕ್ಕೆ ಹೋಗಿದ್ದರು. ತೊಳೆಯುವ ಹುಡುಗ ಬರುವ ಮೊದಲು ಓವರ್‌ಹೆಡ್ ಟ್ಯಾಂಕ್ ತುಂಬಿಸಿ ಕೋಲು ಇಳಿಸಿ ನೋಡಿದೆ. ಅವನು ಹೋದ ಮೇಲೆ ಮತ್ತೆ ಟ್ಯಾಂಕ್ ತುಂಬಿಸಿ ನೋಡಿದೆ. ನೀರು ಇಳಿದದ್ದು 12 ಇಂಚು. ಅಂದರೆ 1,360 ಲೀಟರ್ ಹತ್ತಿರ ಹತ್ತಿರ.

6,000 ಲೀಟರಿನ ಎರಡು ಟ್ಯಾಂಕರ್ ಅಂದರೆ 12,000 ಲೀಟರ್. ನಮ್ಮ ಸಂಪು ಬಾಯಿವರೆಗೆ ತುಂಬಿದರೂ 8,000 ಲೀಟರ್ ಚಿಲ್ಲರೆ ಅಷ್ಟೇ ಹಿಡಿಯುತ್ತದೆ. ಉಳಿದದ್ದನ್ನು ಎಲ್ಲಿ ಇಟ್ಟಿದ್ದರು ಅಂತ ಕೇಳಿದೆ, ಉತ್ತರ ಬರಲಿಲ್ಲ. ಆ ಹುಡುಗ ತಂದಿದ್ದ ಮಿಷನ್ನಿನ ಮೇಲೆ ನಿಮಿಷಕ್ಕೆ 7 ಲೀಟರ್ ಅಂತ ಬರೆದಿತ್ತು, ಮನೆ ಬಳಕೆಯ ಮಿಷನ್ನುಗಳೆಲ್ಲ ಹೆಚ್ಚುಕಮ್ಮಿ ಅಷ್ಟೇ ಕುಡಿಯುತ್ತವೆ, ಆ ಲೆಕ್ಕದಲ್ಲಿ 12,000 ಲೀಟರ್ ಖಾಲಿ ಮಾಡಬೇಕಾದರೆ ಅವನು ಊಟ ನಿದ್ದೆ ಬಿಟ್ಟು 28 ಗಂಟೆಗೂ ಹೆಚ್ಚು ಒಂದೇ ಸಮನೆ ಗೋಡೆಗೆ ಹೊಡೆಯುತ್ತಿರಬೇಕಿತ್ತು. ಅವನು ಮಿಷನ್ನಿನ ಗನ್ನು ಒತ್ತಿ ಹಿಡಿದದ್ದು ಹೆಚ್ಚೆಂದರೆ 80 ನಿಮಿಷ.

ಇಲ್ಲೊಂದು ವಿಷಯ ಇದೆ, ಇದನ್ನು ಬಾಡಿಗೆದಾರರು, ಮಾಲೀಕರು ಇಬ್ಬರೂ ಗಮನಿಸಬೇಕು. 80 ನಿಮಿಷಕ್ಕೆ ಮಿಷನ್ ಕುಡಿದದ್ದು 560 ಲೀಟರ್. ಹಾಗಾದರೆ ಉಳಿದ 800 ಲೀಟರ್ ಎಲ್ಲಿ ಹೋಯಿತು? ಪೈಪಿನಲ್ಲಿ. ಮಣ್ಣು ನೆನೆಯಲಿ ಅಂತ ಆ ಹುಡುಗ ಮೊದಲು ಮಾಮೂಲಿ ಗಾರ್ಡನ್ ಪೈಪು ಬಿಟ್ಟು ಕಾಂಪೌಂಡು, ಮೆಟ್ಟಿಲು, ಮಳೆ ಹೊಡೆಯುವ ಕಡೆಯ ಗೋಡೆ ಎಲ್ಲ ತೋಯಿಸಿದ, 25 ನಿಮಿಷ. ಕೊನೆಗೆ ಬಿದ್ದ ಪಾಚಿ, ಕೆಸರನ್ನು ಚರಂಡಿಗೆ ತಳ್ಳಲು ಮತ್ತೆ ಅದೇ ಪೈಪು, ಇನ್ನೊಂದು 25 ನಿಮಿಷ. ಆ ಪೈಪಿಗೆ 20 ಲೀಟರ್ ಬಕೆಟ್ ಹಿಡಿದು ನೋಡಿದ್ದೇನೆ. ಒಂದೂಕಾಲು ನಿಮಿಷಕ್ಕೆ ತುಂಬುತ್ತದೆ. ಮಿಷನ್ನಿನ ಸದ್ದಿಗೆ ಹೆದರಿ ಎಲ್ಲರೂ ಅದನ್ನೇ ಬಯ್ಯುತ್ತಾರೆ, ಸದ್ದಿಲ್ಲದ ಪೈಪು ನಿಮಿಷಕ್ಕೆ ಅದರ ಎರಡರಷ್ಟು ನೀರು ಸುರಿಯುತ್ತಿರುತ್ತದೆ. ಕೆಸರು ತಳ್ಳುವುದಕ್ಕೆ ಒಂದು ಪೊರಕೆ ಸಾಕಿತ್ತು.

ಈಗ ದುಡ್ಡಿನ ಲೆಕ್ಕ. ಮಾಲೀಕರು ಹೇಳಿದ ದರವನ್ನೇ ಒಪ್ಪೋಣ, 6,000 ಲೀಟರಿಗೆ 1,200. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ ಅಷ್ಟೇ ನೀರಿಗೆ 600 ರೂಪಾಯಿ ಅಂತ ನಿಗದಿ ಮಾಡಿತ್ತು, ಹೋಗಲಿ ಬಿಡಿ. 1,360 ಲೀಟರಿಗೆ 272 ರೂಪಾಯಿ ಆಗುತ್ತದೆ. ಪೈಪು ಮುಟ್ಟದೇ ಇದ್ದಿದ್ದರೆ 112. ಕರೆಂಟು ಎರಡು ಯೂನಿಟ್, ಅದೂ ನನ್ನ ಮೀಟರಿನದ್ದೇ. ಇನ್ನು ಆ ದಿನ ಸಂಪಿನಲ್ಲಿ ಇದ್ದದ್ದು ಟ್ಯಾಂಕರ್ ನೀರೇ ಅಲ್ಲ, ಹಿಂದಿನ ದಿನ ಬಂದ ಕಾವೇರಿ. ಜಲಮಂಡಳಿ 2014ರ ನಂತರ 2025ರ ಏಪ್ರಿಲ್‌ನಲ್ಲಿ ದರ ಏರಿಸಿದೆ ನಿಜ, ಆದರೂ ಮನೆ ಬಳಕೆಗೆ ಸಾವಿರ ಲೀಟರಿಗೆ ಕೆಲವು ಹತ್ತು ರೂಪಾಯಿಗಳೇ ಹೊರತು ನೂರಾರು ಅಲ್ಲ. ಅದಕ್ಕೆ 2,400!

ಅಗ್ಗ ಅಂತ ಸುರಿಯಬಹುದು ಅಂತಲೂ ನಾನು ಹೇಳುತ್ತಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತರುವ ನೀರು ಅದು. 2024ರಲ್ಲಿ, ಮತ್ತೆ 2025ರಲ್ಲೂ, ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಮಂಡಳಿ ಆದೇಶ ಹೊರಡಿಸಿತ್ತು. ಕಾರಿಗೆ ಬೇಡ ಅಂದ ನೀರು ಕಾಂಪೌಂಡಿಗೆ ಹೇಗೆ ಬೇಕಾಯಿತು? ಮಳೆ ನೀರು ಹಿಡಿದಿಟ್ಟ ಟ್ಯಾಂಕ್ ಇದ್ದರೆ ಸೋಸಿ ಇದಕ್ಕೆ ಬಳಸಬಹುದು, ಮಿಷನ್ನಿಗೆ ಕಸ ಹೋಗದಿದ್ದರೆ ಆಯಿತು.

ಈಗ ಪ್ರೆಷರ್ ವಾಷಿಂಗ್‌ನ ಆ ಮೊದಲನೇ ಸಾಲಿಗೆ ಬರುತ್ತೇನೆ. ಮಳೆ ಬೀಳುವ ಕಡೆಯ ಗೋಡೆಗೆ ಪಾಚಿ ಕಟ್ಟಿದ್ದು ನಾನು ಮಾಡಿದ ಗಲೀಜು ಅಲ್ಲ. ಆರು ಮಳೆಗಾಲದ ಗಲೀಜು. ಹೊಸ ಬಣ್ಣ ಹೊಡೆಯುವ ಮೊದಲು ಗೋಡೆ ತೊಳೆದು ಒಣಗಿಸುವುದು ಪೇಂಟಿಂಗ್ ಕೆಲಸದ್ದೇ ಒಂದು ಭಾಗ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದ ಮೇಲೆ ತೊಳೆದದ್ದಕ್ಕೆ ಬೇರೆ ದುಡ್ಡು ಹಿಡಿದರೆ ಒಂದೇ ಕೆಲಸಕ್ಕೆ ಎರಡು ಸಲ ಕೊಟ್ಟ ಹಾಗೆ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಗೋಡೆಗೆ ಸುಣ್ಣ ಬಣ್ಣ ಮಾಲೀಕರ ಪಾಲಿಗೆ ಇದೆ, ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತಲೂ ಇದೆ. ಅದು ಮಾದರಿ ಅಷ್ಟೇ. ನಮ್ಮ ಬೀದಿಯಲ್ಲಿ ಅದನ್ನು ಓದಿ ಹೇಳಿದರೆ ನಗುತ್ತಾರೆ.

ಇನ್ನು ತೊಳೆದ ಚೆಂದ ನೋಡಬೇಕಿತ್ತು. ಗನ್ನಿನ ತುದಿಯನ್ನು ಗೋಡೆಯಿಂದ ಒಂದು ಗೇಣು ದೂರದಲ್ಲಿ ಹಿಡಿದು, ಚೂಪು ಧಾರೆ ಬಿಟ್ಟು, ಕಿಟಕಿ ಮೇಲಿನ ಸಜ್ಜಾ ಚಪ್ಪಡಿಯ ಕೆಳಗಿನ ಹಳೇ ಗಾರೆಯನ್ನು ತಟ್ಟೆಯಷ್ಟು ಅಗಲ ಕಿತ್ತು ಹಾಕಿದ. ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಕಿಟಕಿ ಚೌಕಟ್ಟಿನ ಸಂದಿಯಿಂದ ನೀರು ಒಳಗೆ ಬಂದು ನಾನು ಕಟ್ಟಿಟ್ಟಿದ್ದ ಪುಸ್ತಕದ ಡಬ್ಬ ಒದ್ದೆ. ಅವನ ತಪ್ಪು ಅಂತ ಹೇಳಲಾರೆ, ಅಗಲ ಧಾರೆಯ ನಾಝಲ್ ಅವನಿಗೆ ಯಾರೂ ಕೊಟ್ಟಿರಲಿಲ್ಲ. ಅಷ್ಟು ಪಾಚಿಗೆ ಬ್ಲೀಚಿಂಗ್ ಪೌಡರ್ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಬ್ರಷ್ಷಿನಲ್ಲಿ ಉಜ್ಜಿದ್ದರೆ ಅರ್ಧ ಕೆಲಸ ನೀರಿಲ್ಲದೇ ಆಗುತ್ತಿತ್ತು.

ಮಾಲೀಕರಿಗೆ ಇಷ್ಟೂ ಲೆಕ್ಕ ಬರೆದು ತೋರಿಸಿದೆ. 'ಅಷ್ಟೆಲ್ಲ ಲೆಕ್ಕ ನೋಡ್ಬೇಡಿ ಸಾರ್, ಸುಮ್ನೆ ಒಂದು ಅಂದಾಜು ಹಾಕಿದ್ದು' ಅಂದರು. ಆಮೇಲೆ ಒಂದು ಟ್ಯಾಂಕರ್ ಬಿಟ್ಟುಕೊಟ್ಟರು, ಇನ್ನೊಂದನ್ನು ಇಟ್ಟುಕೊಂಡರು. ಯಾವ ಲೆಕ್ಕದಲ್ಲಿ ಒಂದು, ಯಾವ ಲೆಕ್ಕದಲ್ಲಿ ಎರಡು, ಅವರಿಗೇ ಗೊತ್ತು.

ಹೊಸ ಮನೆಯ ಕರಾರಿನಲ್ಲಿ ಒಂದು ಸಾಲು ಜಾಸ್ತಿ ಬರೆಸಿದ್ದೇನೆ. ಮನೆ ತೊಳೆಸುವುದಾದರೆ ಮಿಷನ್ನಿಗೆ ನಲ್ಲಿಯಿಂದ ಪೈಪು ಕೊಡುವ ಹಾಗಿಲ್ಲ, 200 ಲೀಟರಿನ ಡ್ರಮ್ಮಿನಿಂದಲೇ ಎಳೆಯಬೇಕು. ಎಷ್ಟು ಡ್ರಮ್ ಆಯಿತೋ ಅಷ್ಟಕ್ಕೇ ದುಡ್ಡು. ಬಹಳ ಮಿಷನ್ನುಗಳು ಡ್ರಮ್ಮಿನಿಂದ ತಾವೇ ನೀರು ಎಳೆದುಕೊಳ್ಳುತ್ತವೆ, ಒಂದು ಸಕ್ಷನ್ ಪೈಪು ಬೇಕು ಅಷ್ಟೇ. ಹೊಸ ಮಾಲೀಕರು ಓದಿ ವಿಚಿತ್ರವಾಗಿ ನೋಡಿದರು, ಆದರೆ ಸಹಿ ಹಾಕಿದರು. ಕೋಲನ್ನೂ ತಂದಿದ್ದೇನೆ. ಇಲ್ಲಿನ ಸಂಪು ಚಿಕ್ಕದು, 5 ಅಡಿಗೆ 5 ಅಡಿ. ಒಂದು ಇಂಚಿಗೆ 59 ಲೀಟರ್.

ಇಂತಿ,
ಒಬ್ಬ ಬಾಡಿಗೆದಾರ, ಬೆಂಗಳೂರು